ಪರದೆಯಾಚೆಗಿನ ಅರ್ಧ

ಏ ಬಾಚಣಿಗೆ ರಾಣಿ,

ನಿನ್ನ ಹೊಸ ವಿಳಾಸ ನಾನು ಕೇಳಿಕೊಳ್ಳಲಿಲ್ಲ. ಹಾಗಾಗಿ ಈ ಕಾಗದ ನನ್ನ ಅಂಗಿ ಗುಂಡಿಗಳ ಡಬ್ಬಿಗೇ ಹೋಗುತ್ತದೆ. ಆದರೂ ಹೇಳದೆ ಇರಲಾರೆ.

ಇವತ್ತು ಅಂಗಡಿ ಮಾಲೀಕರು ಬಂದಿದ್ದರು. ಪರದೆ ಸರಿಸಿ, ನೀನು ಕೂದಲು ಕತ್ತರಿಸುತ್ತಿದ್ದ ಜಾಗವನ್ನು ಕಣ್ಣಲ್ಲೇ ಅಳೆದರು. "ಅವಳು ಹೋಗಿ ಎಷ್ಟು ದಿನ ಆಯ್ತಮ್ಮ! ಈ ಅರ್ಧ ಸುಮ್ನೆ ಖಾಲಿ ಬಿದ್ದಿದೆ. ಮೊಬೈಲ್ ರಿಪೇರಿಯವನಿಗೆ ಕೊಡ್ತೀನಿ," ಎಂದರು.

ಹೊಲಿಗೆ ಯಂತ್ರ ನಿಲ್ಲಿಸಿ ಕಡ್ಡಿ ಮುರಿದಂತೆ ಹೇಳಿದೆ: "ಆಗಲ್ಲ ಸಾರ್. ಅವಧಿ ಮುಗಿಯೋ ಮುಂಚೆ ಯಾರೂ ಬೇಡ ಅನ್ನದಿದ್ರೆ ಕರಾರು ಅದೇ ಷರತ್ತಲ್ಲಿ ಇನ್ನೊಂದು ವರ್ಷ ಮುಂದುವರಿಯುತ್ತೆ ಅಂತ ನೀವೇ ಬರೆಸಿದ್ದು. ನೀವೂ ಬೇಡ ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಇಬ್ಬರ ಹೆಸರೂ ಅದರಲ್ಲಿದೆ. ಪೂರ್ತಿ ಬಾಡಿಗೆ ನಾನು ಕಟ್ತಿದ್ದೀನಿ. ಈ ವರ್ಷ ಮುಗಿಯೋವರೆಗೂ ಆ ಅರ್ಧ ಅವಳದೇ."

ಅವರು ತಲೆ ಕೆರೆದುಕೊಂಡರು. "ಸರಿಯಮ್ಮ, ಹಕ್ಕು ನಿಮ್ಮದೇ. ಆದ್ರೆ ಅವಳು ವಾಪಸ್ ಬರ್ತಾಳಾ?"

ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ.

ನಿನ್ನ ಗಿರಾಕಿಗಳ ಕೂದಲು ನನ್ನ ಬಟ್ಟೆಯ ಮೇಲೆ ಹಾರುತ್ತದೆಂದೇ ಅಲ್ಲವೇ ನಾನು ಆ ಪರದೆ ಹೊಲಿದದ್ದು? "ಇವಳು ಕಾಲು ಕೆರೆದು ಜಗಳಕ್ಕೆ ಬರ್ತಾಳೆ," ಎಂದು ನೀನು ಗಿರಾಕಿಗಳ ಎದುರಿಗೇ ನಗುತ್ತಿದ್ದೆ. ಪರದೆ ಬಂದ ಮೇಲೂ ಕೂದಲು ಹಾರುತ್ತಲೇ ಇತ್ತು.

ಮಾಲೀಕರು ಹೋದ ಮೇಲೆ ಡಾಕ್ಟರಮ್ಮನ ಬಿಳಿ ಕೋಟು ಹೊಲಿದು ಮುಗಿಸಿದೆ. ಎಂದಿನಂತೆ ಬೆಳಕಿಗೆ ಹಿಡಿದು ಕೂದಲು ಹುಡುಕಿದೆ. ಕಾಲರ್ ನೋಡಿದೆ, ತೋಳು ನೋಡಿದೆ, ಜೇಬು ಕೂಡ ಮಗುಚಿ ನೋಡಿದೆ.

ಒಂದೂ ಇರಲಿಲ್ಲ ಕಣೇ.