ಮೂರು ಸುತ್ತು ಗ್ರಿಪ್

ನವೆಂಬರ್ 4, ಬೆಳಿಗ್ಗೆ 8

ಶಾಲೆಗೆ ಹೊರಡುವ ಮೊದಲು ಎರಡು ರ‍್ಯಾಕೆಟ್ ಮುಗಿಸಿದೆ. ಇಡೀ ಚಳ್ಳಕೆರೆಯ ಶಟಲ್ ಆಡುವವರಿಗೆಲ್ಲ ಗ್ರಿಪ್ ಸುತ್ತಿಕೊಡುವವಳು ನಾನೇ. ಪಿಟಿ ಮೇಡಂ ಅಂದಮೇಲೆ ಬಿಟ್ಟಿ! ಬಾಲರಾಜ್‌ದು ಹಳೆಯದು ಬಿಚ್ಚಿದರೆ ವಾಸನೆ — ಥೂ. ದುರುಗಕ್ಕನದು ಬಿಚ್ಚುವ ಹಾಗೇ ಇಲ್ಲ. ಇದ್ದದ್ದರ ಮೇಲೇ ಇನ್ನೊಂದು ಸುತ್ತಬೇಕಂತೆ.

"ದಪ್ಪ ಆಗ್ತೈತೆ ಕಣಕ್ಕ, ಮಣಿಕಟ್ಟು ತಿರುಗಲ್ಲ."

"ಇರ್ಲಿ, ಸುತ್ತೇ. ನಂಗೆ ಹಂಗೇ ಚೆಂದ."

"ಒನಕೆ ಹಿಡ್ಕಂಡು ಆಡ್ತೀಯಾ?"

ನಕ್ಕಳು. ಏಳು ವರ್ಷದಿಂದ ಡಬಲ್ಸ್ ಜೊತೆಗಾತಿ. ಒಂದು ದಿನ ನನ್ನ ಮಾತು ಕೇಳಿದವಳಲ್ಲ. ಆರು ವರ್ಷ ದೊಡ್ಡವಳು, ಮೇಲೆ ಖಜಾನೆಯ ಗುಮಾಸ್ತೆ... ಕೇಳಬೇಕೆ!

ನವೆಂಬರ್ 19

ಮತ್ತೆ ಬಂದಳು. ಮೂರನೇ ಸುತ್ತು. ಈ ಸಾರಿ ಹೊಸ ಕಾರಣ — "ಕೈ ಬೆವರ್ತೈತೆ ಕಣೇ." ಈ ಚಳಿಯಲ್ಲಿ ಎಂಥಾ ಬೆವರು? ಬೈದುಕೊಂಡೇ ಸುತ್ತಿದೆ. ಹಿಡಿ ಅಷ್ಟು ದಪ್ಪ ಆದರೆ ಸ್ಮ್ಯಾಶ್ ಹೇಗೆ ಬರಬೇಕು? ಮೊದಲು ನೆಲ ನಡುಗುವಂತೆ ಹೊಡೆಯುತ್ತಿದ್ದಳು. ಈಗ ತಟ್ಟುತ್ತಾಳೆ. ಎಷ್ಟು ಹೇಳಿದರೂ ಅಷ್ಟೇ.

ಡಿಸೆಂಬರ್ 6, ಸಂಜೆ 5

ನಾಳೆ ಚಿತ್ರದುರ್ಗದಲ್ಲಿ ನೌಕರರ ಕ್ರೀಡಾಕೂಟದ ಫೈನಲ್. ಹೋದ ವರ್ಷ ಇದೇ ಫೈನಲ್‌ನಲ್ಲಿ ಸೋತೆವು. ಮತ್ತೆ ಸೋಲುವುದಕ್ಕೆ ನನ್ನಿಂದಾಗುವುದಿಲ್ಲ. ಅಕ್ಕನ ರ‍್ಯಾಕೆಟ್ ನನ್ನ ಬ್ಯಾಗಿನಲ್ಲೇ ಇದೆ.

ಮಾಡಿಬಿಟ್ಟೆ. ಮೂರೂ ಸುತ್ತು ಬ್ಲೇಡ್ ಹಾಕಿ ಕಿತ್ತೆ. ತೆಳುವಾದದ್ದು ಒಂದೇ ಸುತ್ತಿದೆ, ಬುಡದಿಂದ ಮೇಲಕ್ಕೆ, ಎಲ್ಲೂ ಸುಕ್ಕಿಲ್ಲ. ಅದೇ ನೀಲಿ ಬಣ್ಣ ಹುಡುಕಿ ತಂದೆ — ಕಂಡುಹಿಡಿದರೆ ರಂಪ ಮಾಡುತ್ತಾಳೆ. ಗೆದ್ದಮೇಲೆ ಹೇಳಿದರಾಯ್ತು. ಆಗ ಗೊತ್ತಾಗುತ್ತೆ ಗ್ರಿಪ್ ಅಂದರೆ ಏನು ಅಂತ.

ಡಿಸೆಂಬರ್ 7

ಸೋತೆವು.

ಮೂರನೇ ಗೇಮ್, 19-19. ಅಕ್ಕ ಸ್ಮ್ಯಾಶ್‌ಗೆ ಕೈ ಎತ್ತಿದಳು... ರ‍್ಯಾಕೆಟ್ಟೇ ಹಾರಿ ನೆಟ್ಟಿಗೆ ಬಿತ್ತು. ಎತ್ತಿಕೊಂಡು ಬಂದು ನಿಂತಳು. ಮುಂದಿನ ಪಾಯಿಂಟಿಗೂ ಮತ್ತೆ ಕೈಯಿಂದ ಜಾರಿತು. ಮುಗಿಯಿತು.

ತಡೆಯಲಾಗಲಿಲ್ಲ. ಎಲ್ಲರ ಎದುರೇ ಕೂಗಿದೆ — "ಬ್ಯಾಟ್ ಹಿಡಿಯೋಕೆ ಬರ್ದಿದ್ರೆ ಮನ್ಯಾಗೆ ಮುದ್ದೆ ಕೋಲು ಹಿಡ್ಕಂಡು ಕೂತ್ಕೋ!" ಅಂಪೈರ್ ಕೂಡ ನಕ್ಕ. ಅಕ್ಕ ತನ್ನ ಕೈ ನೋಡಿಕೊಳ್ಳುತ್ತಾ ನಿಂತಿದ್ದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ತೆಳು ಗ್ರಿಪ್ಪಿನಿಂದ ಜಾರಿತಾ? ಛೇ, ಇರಲಾರದು. ಅದರಲ್ಲೇ ಚೆನ್ನಾಗಿ ಹಿಡಿತ ಸಿಗುವುದು. ಅವಳಿಗೆ ಹೇಳಲಿಲ್ಲ. ಈಗ ಹೇಳಿ ಏನು...

ಡಿಸೆಂಬರ್ 16

ಒಂಬತ್ತು ದಿನವಾಯ್ತು, ಕೋರ್ಟಿಗೆ ಬಂದಿಲ್ಲ. ನಾನಂತೂ ಮೊದಲು ಫೋನ್ ಮಾಡಲ್ಲ.

ಜನವರಿ 30

ಖಜಾನೆಯ ಪ್ರಭು ಸಿಕ್ಕಿದ್ದ. ದುರುಗಕ್ಕ ಮೊಳಕಾಲ್ಮುರಿಗೆ ಡೆಪ್ಯುಟೇಶನ್ ಹಾಕಿಸಿಕೊಂಡು ಹೋದಳಂತೆ, ತನ್ನ ಊರಿಗೇ. ನನಗೆ ಒಂದು ಮಾತಿಲ್ಲ. ಒಂದು ಬೈಗುಳಕ್ಕೆ ಇಷ್ಟು ಸಿಟ್ಟಾ? ಏಳು ವರ್ಷ ಜೊತೆಗೆ ಆಡಿದ್ದೇವೆ. ಹೋಗಲಿ ಬಿಡು... ನನಗೇನು.



ಏಪ್ರಿಲ್ 9

 ಬಸ್ ಸ್ಟ್ಯಾಂಡಿನಲ್ಲಿ ದುರುಗಕ್ಕನ ಮಗಳು ಕಾವ್ಯ ಸಿಕ್ಕಳು.

"ಅವ್ವ ಹೆಂಗದಾಳೆ?"

"ಕೈ ಹಂಗೇ ಐತೆ ಆಂಟಿ. ಈಗ ರವಿಕೆ ಹುಕ್ಸೂ ನಾನೇ ಹಾಕ್ಬೇಕು."

ಯಾವ ಕೈ, ಏನು ಅಂದೆ. ಅವಳಿಗೇ ಆಶ್ಚರ್ಯ. "ನಿಮ್ಗೆ ಹೇಳಿಲ್ವಾ? ನರದ ತೊಂದ್ರೆ. ಬೆರಳಿಗೆ ಸ್ಪರ್ಶ ಗೊತ್ತಾಗಲ್ಲ, ಬಲ ಇಲ್ಲ. ಒಂದು ವರ್ಷದ ಮೇಲಾತು." ನಿಧಾನಕ್ಕೆ ಕಮ್ಮಿಯಾಗುತ್ತಾ ಹೋಗುತ್ತದೆ, ವಾಸಿಯಾಗುವಂಥದ್ದಲ್ಲ ಅಂದರಂತೆ ಡಾಕ್ಟರು. ಆಗುವಷ್ಟು ದಿನ ಆಡಿ, ಒಳ್ಳೆಯದೇ ಅಂತಲೂ ಅಂದಿದ್ದರಂತೆ.

"ದಪ್ಪ ಇದ್ರೆ ಹಿಡ್ಯಾಕೆ ಆಗ್ತಿತ್ತು ಆಂಟಿ. ಅವತ್ತು ಫೈನಲ್‌ನಾಗೆ ಬ್ಯಾಟು ಹಾರೋಯ್ತಲ್ಲ... ಅಷ್ಟು ದಪ್ಪ ಇದ್ರೂ ನಿಲ್ಲಲಿಲ್ಲ ಅಂದ್ರೆ ಕೈ ಮುಗೀತು ಅಂತ ಅವ್ವನೇ ಬಿಟ್ಬಿಟ್ಲು."

ಅಷ್ಟು ದಪ್ಪ ಇದ್ದರೂ. ಅಯ್ಯೋ ದೇವರೇ.

ಮೂರು ಸುತ್ತನ್ನೂ ಈ ಕೈಯಾರೆ ಸುತ್ತಿದವಳು ನಾನು. ಒಂದು ಸಾರಿ "ಯಾಕಕ್ಕ?" ಅಂತ ಕೇಳಿದ್ದರೆ! ಬುದ್ಧಿ ಹೇಳುವುದೇ ಆಯ್ತು ನನ್ನ ಬಾಯಿಗೆ. ಈ ನಾಲಿಗೆಗೆ ಬರೆ ಹಾಕಬೇಕು.

ಭಾನುವಾರ ಹೋಗಲೇಬೇಕು. ಹೇಳಲೇಬೇಕು.

ಏಪ್ರಿಲ್ 13, ಭಾನುವಾರ

ಮೊಳಕಾಲ್ಮುರಿಗೆ ಹೋಗಿ ಬಂದೆ. ಅಕ್ಕನೇ ಬಾಗಿಲು ತೆಗೆದಳು. ಎಡಗೈಯಲ್ಲಿ.

"ಬಾರೇ ನಿರ್ಮಲಾ, ದಾರಿ ತಪ್ಪಿ ಬಂದ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ಕಾವ್ಯ ಟೀ ತಂದಳು. ಅಕ್ಕ ಲೋಟವನ್ನು ಎರಡೂ ಕೈ ಸೇರಿಸಿ ಹಿಡಿದಳು. ನನ್ನ ಲೋಟ ಪಕ್ಕಕ್ಕಿಟ್ಟೆ. ಹೇಳಿಬಿಟ್ಟೆ. ಬ್ಲೇಡ್ ಹಾಕಿದ್ದು, ಅದೇ ನೀಲಿ ಹುಡುಕಿದ್ದು, ಆಮೇಲೂ ಬಾಯಿ ಮುಚ್ಚಿಕೊಂಡಿದ್ದದ್ದು. ಎಲ್ಲಾ.

ಅಕ್ಕ ಲೋಟ ಕೆಳಗಿಟ್ಟಳು.

"ಹಂಗಾದ್ರೆ ಅವತ್ತು... ನನ್ ಕೈದಲ್ವೇನೇ ತಪ್ಪು?"

"ಅಲ್ಲಕ್ಕ. ನಂದು."

"ನಾನು ಈ ಕೈನ ಎಷ್ಟು ಬೈಕಂಡೆ ಗೊತ್ತಾ."

ಕ್ಷಮಿಸು ಅಂದೆ. ಕೇಳಿಸಿತೋ ಇಲ್ಲವೋ.

"ಈಗ ಆಡಕ್ಕಾಗಲ್ಲ ಕಣೇ. ಈ ಎರಡು ಬೆರಳು ಮಡಚೋದೇ ಇಲ್ಲ. ಯುಗಾದಿ ತನ್ಕ ಮಡಚ್ತಿದ್ವು." ಸ್ವಲ್ಪ ತಡೆದು, "ನಾಲ್ಕು ತಿಂಗ್ಳು ಆಡಬೋದಿತ್ತಲ್ಲೇ," ಅಂದಳು.

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಸ್ಸಿಗೆ ಹೊತ್ತಾಯ್ತು ಅಂತ ಎದ್ದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅಕ್ಕ ಗೇಟಿನವರೆಗೂ ಬಂದಳು. ಅವಳ ಬಲಗೈ ಹಿಡಿದುಕೊಂಡೆ. ಅವಳೂ ಹಿಡಿಯಲು ನೋಡಿದಳು. ಆ ಎರಡು ಬೆರಳು ಮಡಚಲೇ ಇಲ್ಲ, ನನ್ನ ಅಂಗೈ ಮೇಲೆ ನೆಟ್ಟಗೇ ಇದ್ದವು.