ಹಿಂದಿನ ಸಾಲಿಗೆ ಕಾಣುವ ಸರ

೧೪-೩-೧೯೬೮, ಗುರುವಾರ, ಹುಮನಾಬಾದ್

ಮೈಯೆಲ್ಲ ದಣಿದಿದೆ, ಆದರೂ ಹೆಂಡತಿಯ ಆ ಒಂದು ಮಾತು ನಿದ್ದೆಗೊಡವಲ್ಲದು.

ನಮ್ಮ ನಾಟಕ ಕಂಪನಿ ಕಲ್ಯಾಣಕ್ಕೆ ಹೊರಟಾಗ ಲಲಿತಾ, "ಕೊಂಡದ್ದು ಬ್ಯಾಡ, ನಿಮ್ಮ ಕೈಲೆ ಮಾಡಿದ್ದು ತರ್ರಿ" ಅಂದಿದ್ದಳು. ಅಲ್ಲಿಯ ಕೆರೆಮಣ್ಣಿನಿಂದ ಮಣಿ ಮಾಡಿ ಸುಟ್ಟೆ, ಮೇಲೆ ನಾಟಕದ ಹೊಳೆಯುವ ಬೇಗಡೆ ಸುತ್ತಿದೆ, ನಡುವೆ ಅಂಗೈ ಅಗಲದ ಪದಕ. ಆಹಾ, ರಾಜಾಪಾರ್ಟಿನವನ ಎದೆಗೇ ಒಪ್ಪುವಂಥ ಸರ!

ಇಂದು ಬಂದವನೇ ಅವಳ ಕೊರಳಿಗೆ ಹಾಕಿದೆ. ಪದಕ ಅಡ್ಡ ಬರುತ್ತಿದ್ದರಿಂದ ಗದ್ದ ಎತ್ತಿಕೊಂಡೇ ರೊಟ್ಟಿ ಬಡಿದಳು. ನೆರೆಮನೆಯ ರುಕ್ಮಿಣಿಬಾಯಿ ಇಣುಕಿ, "ಏನವ್ವಾ ಲಲಿತಾ, ದರ್ಬಾರ ಎಷ್ಟಕ್ಕ ಸುರು?" ಅಂದಳು. ಲಲಿತಾ ನಗಲಿಲ್ಲ. ಸರ ತೆಗೆದು ನನ್ನ ಮುಂದಿಟ್ಟಳು.

"ಇದು ಹಿಂದಿನ ಸಾಲಿನವರಿಗೆ ಕಾಣಲಿ ಅಂತ ಮಾಡೀರಿ. ನಾ ಬಾಜೂಕ ಕುಂತೀನಲ್ರಿ."

ಇಪ್ಪತ್ತು ವರ್ಷ ನಾಟಕದ ಒಡವೆಗಳನ್ನು ದೂರದವರಿಗಾಗಿಯೇ ಮಾಡಿದ ಕೈ ಇದು; ದನಿಯೂ ಅವರಿಗಾಗಿಯೇ ಎತ್ತಿದ್ದು. ನಾಳೆ ಮುಂಜಾನೆ ಮತ್ತೆ ಕಂಪನಿಯ ಹಾದಿ. ಬೇಗಡೆ ಕಿತ್ತು, ಪದಕ ಬಿಟ್ಟು, ಸಣ್ಣ ಮಣಿ ಅಷ್ಟೇ ಆರಿಸಿಕೊಂಡು ಪೋಣಿಸಲು ಕೂತಿದ್ದೇನೆ. ಆದರೆ ಅವಳ ಕೊರಳಿನ ಅಳತೆಯೇ ನನಗೆ ಗೊತ್ತಿಲ್ಲ. ಎಬ್ಬಿಸಿ ಕೇಳಬೇಕು. ಮೆಲ್ಲಗೆ ಕೇಳಬೇಕು. ಮೆಲ್ಲಗೆ ಮಾತಾಡಿ ನನಗೆ ರೂಢಿಯೇ ಇಲ್ಲ.