ಕೌಂಟಿ ಕೋರ್ಟಿನಲ್ಲಿ ನಿಮ್ಮ ಮಗ ಹೇಳಿದ್ದು

ವೆಸ್ಟ್‌ಮೀಡ್, ಸಿಡ್ನಿ
೨೪-೮-೧೯೯೬, ಶನಿವಾರ

ಪ್ರೀತಿಯ ಮಾಮಿ,

ಕಣ್ಣಿನ ಆಪರೇಷನ್ ಆದ ಮೇಲೆ ನೀವೇ ಕೈಯಾರೆ ಬರೆದ ಕಾಗದ ಬಂದು ಸೇರಿತು. ಅಕ್ಷರ ಸ್ವಲ್ಪ ಏರಿಳಿದಿದೆ, ಆದರೂ ಸಾಲು ತಪ್ಪಿಲ್ಲ. ನೋಡಿ ಮನಸ್ಸು ತುಂಬಿತು. ಕಣ್ಣಿಗೆ ಮದ್ದು ಬಿಡುವುದನ್ನು ಮರೆಯಬೇಡಿ, ಒಲೆಯ ಹೊಗೆಗೆ ಮುಖ ಒಡ್ಡಬೇಡಿ. ಮೊಣಗಂಟಿನ ನೋವು ಹೇಗುಂಟು? ಮಳೆಗೆ ಅಂಗಳವೆಲ್ಲ ಪಾಚಿ ಹಿಡಿದಿರುತ್ತದೆ, ಬಾವಿಕಟ್ಟೆಗೆ ಒಬ್ಬರೇ ಹೋಗುವುದು ಬೇಡ. ಇಲ್ಲಿ ನಾವಿಬ್ಬರೂ ಸೌಖ್ಯ. ನಿಮ್ಮ ಮೊಮ್ಮಗಳು ನಿರೀಕ್ಷಾಳಿಗೆ ಎದುರಿನ ಎರಡು ಹಲ್ಲು ಬಿದ್ದಿವೆ. ನಾನು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ತುಳು ಹೊರಡುತ್ತದೆ, ಆಗ ಥೇಟ್ ನೀವೇ. ನರ್ಸಿಂಗ್ ಹೋಮಿನ ಅಡುಗೆಮನೆಯ ಕೆಲಸ ಹಾಗೆಯೇ ನಡೆದಿದೆ. ಅಲ್ಲಿಯ ಅಜ್ಜಿಯಂದಿರು ನನ್ನನ್ನು ಜಲ್ ಎಂದು ಕರೆಯುತ್ತಾರೆ. ಜಲಜಾಕ್ಷಿ ಎನ್ನಲು ಅವರ ಕಟ್ಟಿಸಿದ ಹಲ್ಲು ಬಿಡುವುದಿಲ್ಲ.

ಕಾಗದದ ಕೊನೆಗೆ ನೀವು ಕೇಳಿದ ಮಾತಿಗೆ ಬರುತ್ತೇನೆ. 'ನನ್ನ ಮಗ ಅವತ್ತು ಕೋರ್ಟಿನಲ್ಲಿ ಏನು ಹೇಳಿದ? ನಿಜವಾದರೆ ನಿಜ, ಸುಳ್ಳಾದರೆ ಸುಳ್ಳು. ನನಗೆ ಗೊತ್ತಾಗಬೇಕು' ಎಂದು ಬರೆದಿದ್ದಿರಿ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನಿಮ್ಮ ಮಗ ಕಂಪನಿಯವರ ಪರವಾಗಿ ಸುಳ್ಳುಸಾಕ್ಷಿ ಹೇಳಿ ತನ್ನ ಮಗ ಸುಕೇಶನಿಗೆ ಅನ್ಯಾಯ ಮಾಡಿದರೆಂದು ಪಕ್ಕದ ಮನೆಯ ಅನಸೂಯಕ್ಕ ಮಾತು ಬಿಟ್ಟು ಆರು ವರ್ಷವಾಯಿತು. ಎರಡು ವರ್ಷದ ಹಿಂದೆ ಇವರು ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂದಾಗಲೂ ಆಕೆ ಬೇಲಿ ದಾಟಿ ನಿಮ್ಮ ಹತ್ತಿರ ಬರಲಿಲ್ಲವೆಂದು ನನಗೆ ಗೊತ್ತು. ಆ ಕೇಸು ನಡೆದಾಗ ನಾನು ಹೆರಿಗೆಗೆಂದು ಊರಿಗೆ ಬಂದಿದ್ದೆ. ಆಗ ನಾವಿದ್ದ ಮೆಲ್ಬರ್ನಿಗೆ ಹಿಂದಿರುಗಿದ ಮೇಲೆ ಎಷ್ಟು ಕೇಳಿದರೂ ಇವರು 'ಕಂಡದ್ದು ಹೇಳಿದೆ' ಎಂದು ಮುಖ ಆಚೆ ಮಾಡುತ್ತಿದ್ದರು. ಹೋದವರನ್ನು ಇನ್ನು ಕೇಳುವುದು ಹೇಗೆ? ಆದರೆ ಇಲ್ಲಿ ಕೋರ್ಟಿನಲ್ಲಿ ನಡೆದದ್ದರ ಕಾಗದಪತ್ರವನ್ನು ಯಾರು ಬೇಕಾದರೂ ಹೋಗಿ ಕೇಳಿ ನೋಡಬಹುದೆಂದು ನನ್ನ ಗೆಳತಿ ತಾರಾ ಹೇಳಿದಳು. ಹೋದ ವಾರ ನಿರೀಕ್ಷಾಳನ್ನು ಅವಳ ಮನೆಯಲ್ಲಿ ಬಿಟ್ಟು, ರಜೆ ಹಾಕಿ, ಮೆಲ್ಬರ್ನಿನ ರೈಲು ಹತ್ತಿದೆ.

ರೈಲು ಮೆಲ್ಬರ್ನಿನ ಹೊರವಲಯ ಮುಟ್ಟಿ ಕೆಂಪು ಹಂಚಿನ ಮಾಡುಗಳು ಶುರುವಾದ ಕೂಡಲೇ ಕಣ್ಣು ಮಂಜಾಯಿತು. ನಿಮಗೆ ಆಗ ಬರೆದಿದ್ದೆನೋ ಇಲ್ಲವೋ, ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಇವರು ನನ್ನನ್ನು ನಾವಿದ್ದ ಸನ್‌ಶೈನಿನ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ, ಪ್ರತಿ ಮನೆಯ ಮಾಡು ತೋರಿಸಿ, 'ನೋಡು, ಮಂಗಳೂರಿನ ಹಂಚಿನದೇ ಅಚ್ಚು' ಎನ್ನುತ್ತಿದ್ದರು. ಅಪ್ಪ ಊರಿನ ಹಂಚಿನ ಕಾರ್ಖಾನೆಯಲ್ಲಿ, ಮಗ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ. ಸಂಜೆ ಮನೆಗೆ ಬಂದಾಗ ಕಿವಿಯ ಹಿಂದೆ ಕೆಂಪು ಧೂಳು. ಮಾವನೂ ಹೀಗೆಯೇ ಬರುತ್ತಿದ್ದರು, ನೀವು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಿರಿ ಎಂದು ಹೇಳಿ ನನ್ನ ಮುಂದೆ ಕಿವಿ ಒಡ್ಡುತ್ತಿದ್ದರು. ಮರುವರ್ಷ ಸುಕೇಶ ಬಂದ. ಇವರೇ ಹೇಳಿ ಅದೇ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ್ದು. ನಮ್ಮ ಹಿಂದಿನ ಕೋಣೆಯೇ ಅವನ ಬಿಡಾರ. ಶನಿವಾರ ಫುಟ್ಸ್‌ಕ್ರೇ ಮಾರ್ಕೆಟ್ಟಿನಿಂದ ಮೀನು ತಂದು, ನಮ್ಮ ಬಂಗುಡೆಯ ರುಚಿ ಇದಕ್ಕಿಲ್ಲ ಎಂದು ಬೈಯುತ್ತಲೇ ಇಬ್ಬರೂ ನೀರುದೋಸೆಯ ಜೊತೆ ಸಾರು ಖಾಲಿ ಮಾಡುತ್ತಿದ್ದರು. ಆಮೇಲೆ ಮೂವರೂ ವಿಲಿಯಮ್ಸ್‌ಟೌನಿನ ಕಡಲ ಬದಿಗೆ ಹೋಗಿ ಕೂರುವುದು. ಅಲ್ಲಿ ಕೂತರೆ ಇಬ್ಬರಿಗೂ ಕಾಪು ಕಡಲಿನ ಮಾತೇ ಮಾತು. ನನಗೆ ಆ ಎರಡು ವರ್ಷವೇ ಸಂಸಾರ ಎಂದರೆ. ಸಿಡ್ನಿಯಲ್ಲಿ ಮನೆ ದೊಡ್ಡದಾಯಿತು, ನಗು ಸಣ್ಣದಾಯಿತು.

ಆಮೇಲಿನದು ನಿಮಗೆ ಗೊತ್ತಿದ್ದದ್ದೇ. ಹಂಚು ಒತ್ತುವ ಪ್ರೆಸ್ಸಿನೊಳಗೆ ಸುಕೇಶನ ಬಲಗೈ ಸಿಕ್ಕಿಬಿತ್ತು. ಕೈ ಒಳಗೆ ಹೋಗದಂತೆ ತಡೆಯಲು ಅದಕ್ಕೊಂದು ಕಬ್ಬಿಣದ ಜಾಲರಿ ಇರುತ್ತದೆ. ಆ ದಿನ ಅದು ಅದರ ಜಾಗದಲ್ಲಿ ಇರಲಿಲ್ಲ. ಸುಕೇಶ ಕಂಪನಿಯ ಮೇಲೆ ಕೇಸು ಹಾಕಿದ. ಜಾಲರಿ ತೆಗೆದದ್ದು ಯಾರು ಎಂಬುದೇ ಕೇಸಿನ ಜೀವ.

ಕೌಂಟಿ ಕೋರ್ಟ್ ಎಂದರೆ ಉಡುಪಿಯ ಕೋರ್ಟಿನ ಹಾಗೆ ಹೊರಗೆ ಮರ, ಮರದಡಿ ಟೈಪಿನವರು, ಕಪ್ಪು ಕೋಟಿನ ಗುಂಪು ಎಲ್ಲ ಇದ್ದೀತು ಎಂದುಕೊಂಡಿದ್ದೆ. ಏನೂ ಇಲ್ಲ. ವಿಲಿಯಂ ಸ್ಟ್ರೀಟಿನಲ್ಲಿ ಟ್ರಾಮ್ ಇಳಿದು, ಆಫೀಸಿನಂಥ ಕಟ್ಟಡದೊಳಗೆ ಹೋಗಿ, ದಾಖಲೆ ವಿಭಾಗದ ಕೌಂಟರಿನ ಎದುರು ನಿಂತೆ. ಅಲ್ಲಿದ್ದ ಹೆಂಗಸು ಕೇಸ್ ನಂಬರ್ ಕೇಳಿದಳು. ನನ್ನ ಹತ್ತಿರ ಇರಲಿಲ್ಲ. ಯಾದವ ಎಂದು ಇವರ ಹೆಸರು ಹೇಳಿದೆ. ಸಾಕ್ಷಿಯ ಹೆಸರಿನಲ್ಲಿ ಹುಡುಕಲು ಬರುವುದಿಲ್ಲವಂತೆ, ಕೇಸು ಹಾಕಿದವರ ಇಲ್ಲವೇ ಹಾಕಿಸಿಕೊಂಡವರ ಹೆಸರು ಬೇಕಂತೆ. ಯಾವ ವರ್ಷ ಎಂದಳು. ನನ್ನ ಮಗಳು ಹುಟ್ಟಿದ ವರ್ಷ ಎಂದುಬಿಟ್ಟೆ, ಆಮೇಲೆ ನಾಚಿಕೆಯಾಗಿ ತೊಂಬತ್ತು ಎಂದೆ. ಸುಕೇಶ್ ಸಾಲಿಯಾನ್ ಎಂದು ಹುಡುಕಿದರೆ ಸಿಗಲಿಲ್ಲ. ಊರಿನಲ್ಲಿ ಒಂದೇ ರೀತಿ ಬರೆಯುವ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದು ನೋಡಿ! ಅವಳು ಬೇಸರಿಸದೆ ಒಂದೊಂದೇ ಅಕ್ಷರ ಬದಲಿಸಿ ನೋಡಿದಳು, ಕೊನೆಗೆ ಸಿಕ್ಕಿತು. ಹಳೆಯ ಫೈಲಾದ್ದರಿಂದ ಬೇರೆ ಕಡೆಯಿಂದ ತರಿಸಬೇಕು, ನಾಳೆ ಬಾ ಎಂದಳು. ನಾನು ಕೇಸಿನವಳಲ್ಲ, ಯಾರದಾದರೂ ಒಪ್ಪಿಗೆ ಬೇಕೇ ಎಂದು ಅಂಜುತ್ತಲೇ ಕೇಳಿದೆ. 'ಬಾಗಿಲು ತೆರೆದಿಟ್ಟು ನಡೆದ ಕೇಸು ಲವ್, ಚೀಟಿ ಬರೆದು ಫೀಸು ಕಟ್ಟಿದರಾಯಿತು' ಎಂದಳು. ಲವ್ ಎಂದದ್ದಕ್ಕೆ ಗಾಬರಿಯಾಗಬೇಡಿ, ಇಲ್ಲಿ ತರಕಾರಿಯವರೂ ಹಾಗೆಯೇ ಕರೆಯುತ್ತಾರೆ.

ಮರುದಿನ ಫೈಲು ಬಂತು. ಮನೆಗೆ ಕೊಡುವುದಿಲ್ಲ, ಅಲ್ಲಿಯೇ ಮೇಜಿನ ಮುಂದೆ ಕೂತು ಓದಬೇಕು. ಡಾಕ್ಟರರ ವರದಿಗಳು, ಪ್ರೆಸ್ಸಿನ ಫೋಟೋ, ವಕೀಲರ ಬರಹ. ಕೋರ್ಟಿನಲ್ಲಿ ಆಡಿದ ಮಾತನ್ನೆಲ್ಲ ಟೈಪ್ ಮಾಡಿರುತ್ತಾರೆ ಎಂದುಕೊಂಡಿದ್ದೆ, ಆದರೆ ಫೈಲಿನಲ್ಲಿ ಇದ್ದದ್ದು ಯಾರೋ ವಕೀಲರು ಒಪ್ಪಿಸಿದ್ದ ಎರಡೇ ಹಾಳೆ. ಅದರಲ್ಲಿ ಇವರ ಹೆಸರು ಕಂಡ ಕೂಡಲೇ ಮೇಲೆ ಬೆರಳಿಟ್ಟುಕೊಂಡೆ. ಕೆಳಗೆ ಪ್ರಶ್ನೆ: ಜಾಲರಿ ತೆಗೆದವರು ಯಾರು? ಉತ್ತರ, ಇಂಟರ್‌ಪ್ರಿಟರ್ ಮೂಲಕ: ಸುಕೇಶ. ಅಲ್ಲಿಗೆ ಹಾಳೆ ಮುಗಿದಿತ್ತು. ಮಾಮಿ, ಅನಸೂಯಕ್ಕ ಹೇಳಿದ್ದೇ ಸರಿಯಾಯಿತಲ್ಲ, ನಿಮಗೆ ಏನೆಂದು ಬರೆಯಲಿ ಎಂದು ಕೂತಲ್ಲೇ ಕೂತೆ. ಉಳಿದ ಹಾಳೆ ಬೇಕಾದರೆ ಟೈಪ್ ಮಾಡಿಸುವವರಿಗೆ ಬರೆದು ಕೇಳಬೇಕು, ಇಷ್ಟು ವರ್ಷದ ಮೇಲೆ ಸಿಕ್ಕೀತೆಂದು ಹೇಳಲಾಗದು ಎಂದಳು ಕೌಂಟರಿನವಳು. ಎದ್ದು ಹೊರಡುವ ಮೊದಲು ಇನ್ನೊಮ್ಮೆ ನೋಡಿದೆ. ಹಾಳೆಯ ತಲೆಯಲ್ಲಿ ಇಂಟರ್‌ಪ್ರಿಟರ್ ಹೆಸರಿತ್ತು: ಅಹಲ್ಯಾ ಚಂದ್ರಶೇಖರ್. ಇವರು ಹೇಳಿದ ಮಾತು ಇಂಗ್ಲಿಷ್ ಆಗುವ ಮೊದಲು ಒಬ್ಬರ ಕಿವಿಗೆ ಕನ್ನಡದಲ್ಲಿ ಬಿದ್ದಿದೆಯಲ್ಲ! ಹೊರಗಿನ ಫೋನ್ ಬೂತಿನಲ್ಲಿದ್ದ ಡೈರೆಕ್ಟರಿ ತಿರುವಿ ಸಿ. ಚಂದ್ರಶೇಖರ್ ಎಂಬವರಿಗೆ ಮಾಡಿದ ಫೋನನ್ನು ಅಹಲ್ಯಾ ಅವರೇ ಎತ್ತಿದರು.

ಅವರದು ಗ್ಲೆನ್ ವೇವರ್ಲಿ, ರೈಲಿನ ಕೊನೆಯ ಸ್ಟೇಷನ್. ನನಗಿಂತ ಮೊದಲೇ ಬಂದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರು. ಮೈಸೂರಿನಲ್ಲಿ ಟೀಚರಾಗಿದ್ದವರು, ಅರುವತ್ತು ದಾಟಿದೆ. ನಾನು ಯಾರೆಂದು ಹೇಳಿದ ಕೂಡಲೇ, 'ಆ ಹಂಚಿನ ಫ್ಯಾಕ್ಟರಿ ಕೇಸಾ? ಅದನ್ನ ಮರೆಯೋಕಾಗುತ್ತೇನ್ರೀ! ಕೋರ್ಟಲ್ಲಿ ನನ್ನ ಮಾನ ಹೋಗಿದ್ದೇ ಅವತ್ತು' ಎಂದು ನಕ್ಕರು. ಕಾಫಿ ಕೊಟ್ಟು ಎದುರು ಕೂತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. 'ಎಲ್ಲರೆದುರಿಗೆ ಹೇಳಿದ್ದು, ಗುಟ್ಟೇನಲ್ಲ. ಯಾರು ತೆಗೆದದ್ದು ಅಂತ ಕಂಪನಿ ಲಾಯರ್ ಕೇಳಿದ್ರು. ನಿಮ್ಮ ಯಜಮಾನ್ರು ಸುಕೇಶ ಅಂದ್ರು. ನಾನು ಇಂಗ್ಲಿಷಲ್ಲಿ ಹೇಳಿದೆ. ಲಾಯರ್ ಥ್ಯಾಂಕ್ಯೂ ಅಂತ ಕೂತೇಬಿಟ್ರು. ಆಗ ಇವರು ಕಟಕಟೆ ಹಿಡ್ಕೊಂಡು ಏನೋ ಶುರು ಮಾಡಿದ್ರು ನೋಡಿ, ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ! ಸಾಕ್ಷಿ ಏನು ಹೇಳ್ತಿದಾರೆ ಅಂತ ಜಡ್ಜ್ ನನ್ನ ಕೇಳಿದ್ರು. ಇದು ನನ್ನ ಭಾಷೆ ಅಲ್ಲ ಅಂದೆ, ಎಲ್ಲರೂ ನಕ್ಕರು. ಇವರು ಮಾತ್ರ ನಗಲಿಲ್ಲ. ಕಣ್ಣಲ್ಲಿ ನೀರು. ಪುದರ್ ಪುದರ್ ಅಂತಿದ್ರು. ಅದೇನ್ರೀ?'

ಪುದರ್ ಎಂದರೆ ಹೆಸರು ಎಂದೆ. ಆಮೇಲೆ ಜಡ್ಜರು, ಅವಸರ ಬೇಡ, ಈಕೆಗೆ ತಿಳಿಯುವ ಭಾಷೆಯಲ್ಲಿ ಹೇಳು ಎಂದರಂತೆ. ನಿಮ್ಮ ಮಗ ಕನ್ನಡದಲ್ಲಿ ಹೇಳಿದ್ದು ಇದು, ಮಾಮಿ: 'ಜಾಲರಿ ತೆಗೆಯಲು ಅವನಿಗೆ ಕಲಿಸಿದ್ದು ನಾನು. ನನಗೆ ಕಲಿಸಿದ್ದು ಫೋರ್ಮನ್. ಅದನ್ನು ಇಟ್ಟುಕೊಂಡು ಕೆಲಸ ಮಾಡಿದರೆ ಅವರು ಕೇಳುವಷ್ಟು ಹಂಚು ಇಳಿಯುವುದಿಲ್ಲ. ಎಲ್ಲರೂ ತೆಗೆಯುತ್ತೇವೆ. ಅವನು ಹೊಸಬ, ನಾವು ಹೇಳಿದ ಹಾಗೆ ಮಾಡಿದ. ತಪ್ಪು ಬರೆಯುವುದಾದರೆ ನನ್ನ ಹೆಸರು ಮೊದಲು ಬರೆಯಿರಿ.' ತುಳುವಿನಲ್ಲಿ ಹೇಳಿದ್ದೂ ಅದೇ ಇರಬೇಕು: ಎನ್ನ ಪುದರ್ ದುಂಬು ಬರೆಲೆ. ಆ ಸ್ವರ ನನಗೆ ಕಿವಿಯ ಹತ್ತಿರವೇ ಕೇಳಿದ ಹಾಗಾಯಿತು. ಅಹಲ್ಯಾ ಅವರು ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಯಾರೂ ನಗಲಿಲ್ಲವಂತೆ. ಅದರ ಮರುವಾರವೇ ಕಂಪನಿಯವರು ಸುಕೇಶನ ಜೊತೆ ರಾಜಿಗೆ ಒಪ್ಪಿದ್ದರೆಂದು ಫೈಲಿನಲ್ಲಿ ಓದಿದ್ದೆ. ಇವರನ್ನು ಕೆಲಸದಿಂದ ತೆಗೆದದ್ದೂ ಆ ತಿಂಗಳಲ್ಲೇ. ನಾನು ಮಗುವನ್ನು ಎತ್ತಿಕೊಂಡು ಬಂದಾಗ, ಮೆಲ್ಬರ್ನಿನ ಚಳಿ ಸಾಕು, ಸಿಡ್ನಿಗೆ ಹೋಗುವ ಎಂದಿದ್ದರು. ಚಳಿಗೆಂದೇ ನಾನು ನಂಬಿದ್ದೆ.

ಸುಕೇಶನ ನಂಬರ್ ಅಹಲ್ಯಾ ಅವರ ಹತ್ತಿರವೇ ಇತ್ತು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಮೈಕು ಹಾಕಲು ಬರುತ್ತಾನಂತೆ. ಫೋನ್ ಮಾಡಿದೆವು, ಸಂಜೆ ಬಂದ. ತಲೆ ಅರ್ಧ ನೆರೆತಿದೆ. ನನ್ನನ್ನು ಕಂಡು 'ಜಲಜಕ್ಕ' ಎಂದವನು ಬಲಗೈಯನ್ನು ಜಾಕೆಟ್ಟಿನ ಕಿಸೆಯಿಂದ ತೆಗೆಯಲೇ ಇಲ್ಲ. ಅಹಲ್ಯಾ ಅವರು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಅವನು ತಲೆ ಎತ್ತಲಿಲ್ಲ. 'ನಾನು ಆ ದಿನ ಕೋರ್ಟಲ್ಲಿ ಇರ್ಲಿಲ್ಲ ಅಕ್ಕ. ಕೈಗೆ ಎರಡನೇ ಆಪರೇಷನ್. ನಿನ್ನ ಫ್ರೆಂಡ್ ನಿನ್ನ ಹೆಸರೇ ಹೇಳಿದ ಅಂತ ಲಾಯರ್ ಅಂದದ್ದು ಅಷ್ಟೇ. ನನಗೆ ಮೈಯೆಲ್ಲಾ ಉರೀತು, ಅದನ್ನೇ ಅಮ್ಮನಿಗೆ ಬರೆದೆ.' ಹಾಗಾದರೆ ತೆಗೆದದ್ದು ಯಾರು ಎಂದೆ. 'ನಾನೇ ಅಕ್ಕ. ಯಾದವಣ್ಣ ಹೇಳಿದ್ದು ಸತ್ಯವೇ. ಜಾಲರಿ ಮೊದಲೇ ಇರ್ಲಿಲ್ಲ ಅಂತ ಅಮ್ಮನಿಗೆ ಬರೆದಿದ್ದೆ. ಕೈಯಾರೆ ಮಾಡಿಕೊಂಡದ್ದು ಅಂತ ಗೊತ್ತಾದ್ರೆ ಅಮ್ಮ ಎದೆ ಒಡ್ಕೊಳ್ತಾರೆ ಅಂತ. ಅಣ್ಣ ಸುಳ್ಳು ಹೇಳಿದ ಅಂತ ನಾನು ಬರೆದಿಲ್ಲ. ಅಮ್ಮ ಹಾಗೆ ತಿಳ್ಕೊಂಡ್ರು. ನಾನು ಬಾಯಿ ಮುಚ್ಚಿ ಕೂತೆ.' ಇಷ್ಟು ಹೇಳಿ ಆ ಕೈಯನ್ನು ಹೊರಗೆ ತೆಗೆದು ಮುಖ ಮುಚ್ಚಿಕೊಂಡ.

ಅವನ ಮೇಲೆ ಸಿಟ್ಟು ಬಂತೇ ಎಂದು ಕೇಳಿದರೆ, ಬಂತು. ನಿಮ್ಮ ಆರು ವರ್ಷ ನೆನಪಾಗಿ ಬಹಳವೇ ಬಂತು. ಆದರೆ ನಮ್ಮ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಹುಡುಗ ಅವನು. ಅಳುವಾಗ ಎಷ್ಟು ಹೊತ್ತು ನೋಡಿಕೊಂಡಿರಲಿ? ನನ್ನ ಸೆರಗನ್ನೇ ಕೊಟ್ಟೆ. ಇವರು ಇದ್ದಿದ್ದರೆ, 'ಸಾಕು ಬಿಡು, ಅವನಿಗೆ ಮೊದಲು ಊಟಕ್ಕೆ ಹಾಕು' ಎನ್ನುತ್ತಿದ್ದರು.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ: ನಿಮ್ಮ ಮಗ ನಿಜ ಹೇಳಿದ್ದಾರೆ, ನಿಜಕ್ಕಿಂತ ಒಂದು ಮಾತು ಹೆಚ್ಚಾಗಿ ಹೊಣೆ ಹೊತ್ತಿದ್ದಾರೆ. ಇದನ್ನು ಓದಿ ಅಳು ಬಂದರೆ ಅತ್ತುಬಿಡಿ, ಆದರೆ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ. ನಿರೀಕ್ಷಾ ನಿಮಗೆಂದು ಚಿತ್ರ ಬಿಡಿಸಿದ್ದಾಳೆ, ಜೊತೆಯಲ್ಲಿ ಇಟ್ಟಿದ್ದೇನೆ; ಅದು ಹಸುವೋ ಕಾಂಗರೂವೋ ಎಂದು ಕೇಳಿ ಬರೆಯಬೇಡಿ, ಅವಳಿಗೆ ಬೇಸರವಾಗುತ್ತದೆ. ಇಷ್ಟು ದೂರದಿಂದ ನಿಮ್ಮ ಕಾಲು ಮುಟ್ಟಲು ಆಗುವುದಿಲ್ಲ, ಅಲ್ಲಿಂದಲೇ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಒಂದು ಒಳ್ಳೆಯ ಮಾತು ಹೇಳಿ.

ನಿಮ್ಮ ಸೊಸೆ,
ಜಲಜಾಕ್ಷಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸುಕೇಶನ ಫೋನ್ ಬಂತು. ಚೌತಿಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಪೇಟೆಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ತನ್ನ ಅಮ್ಮನಿಗೆ ಎಲ್ಲವನ್ನೂ ತಾನೇ ಹೇಳುತ್ತಾನಂತೆ. ಅದಕ್ಕೆ ಮೊದಲು ನೀವು ಯಾರಲ್ಲಿಯೂ ಬಾಯಿ ಬಿಡಬೇಡಿ. ಆ ದಿನ ಮಾತ್ರ, ಮಾಮಿ, ಮಾತಿಲ್ಲದಿದ್ದರೂ ಚಿಂತೆಯಿಲ್ಲ, ಅನಸೂಯಕ್ಕನ ಹಿಂದೆಯೇ ನೀವೂ ಬೂತಿಗೆ ಹೋಗಿ. ಫೋನ್ ಇಟ್ಟ ಮೇಲೆ ಆಕೆಯನ್ನು ಮನೆಗೆ ಕರೆದುಕೊಂಡು ಬರಲು ಒಬ್ಬರು ಬೇಕು.